ಭೀಮೆಯ ದಂಡೆಯಲ್ಲಿ ಮೂರು ದಿನ

ಹೋದ ವಾರ ಇಂಡಿಗೆ ಹೋಗಿದ್ದೆ. ಕೆಲಸ ಮುಗಿಸಿಕೊಂಡು ಬಸ್ ನಿಲ್ದಾಣದ ಕಡೆ ಬರುವಾಗ ಎಣ್ಣೆ ಗಿರಣಿಯೊಂದರ ಮುಂದೆ ಕಾಲು ತಾವಾಗಿಯೇ ನಿಂತವು. ಒಳಗೆ ಶೇಂಗಾ ಅರೆಯುತ್ತಿದ್ದರು. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಬಿಸಿಬಿಸಿಯಾಗಿ ಚೀಲಕ್ಕೆ ತುಂಬುತ್ತಿದ್ದರು. ಆ ವಾಸನೆಯಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಗಿರಣಿಯವನೇ ಕೇಳಿದ.

“ಎಮ್ಮಿ ಎಷ್ಟ ಅದಾವ್ರಿ ಸರ?”

“ಎಮ್ಮಿ ಇಲ್ಲಪಾ.”

“ಮತ್ತ ಹಿಂಡಿ ಯಾಕ ಬೇಕ್ರಿ?”

ರೊಕ್ಕ ಎಣಿಸಿ ಕೊಟ್ಟು ಒಂದು ಕಿಲೋ ಕಟ್ಟಿಸಿಕೊಂಡೆ. ಹೊರ್ತಿಗೆ ಬರುವ ಬಸ್ಸಿನಲ್ಲಿ ಆ ಪೊಟ್ಟಣ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು.

ಶೇಂಗಾ ಹಿಂಡಿಯನ್ನು ಸಣ್ಣಗೆ ಕುಟ್ಟಿ, ಜೋಳದ ಹಿಟ್ಟು, ಬೆಲ್ಲ, ಚಿಟಿಕೆ ಇಂಗು ಸೇರಿಸಿ ಉಂಡೆ ಕಟ್ಟಿದರೆ ರೋಹು ಮೀನು ತಾನೇ ಹುಡುಕಿಕೊಂಡು ಬರುತ್ತದೆ ಎನ್ನುತ್ತಿದ್ದವರು ಹೂವಿನ ಹಿಪ್ಪರಗಿಯ ಚನ್ನನಗೌಡರು. ಜೀವಮಾನದಲ್ಲಿ ಒಂದು ಚೂರು ಮೀನನ್ನೂ ಬಾಯಿಗಿಟ್ಟವರಲ್ಲ. ಆದರೆ ಹನ್ನೊಂದು ವರ್ಷ, ಪ್ರತಿ ದೀಪಾವಳಿ ಮುಗಿದ ಮೇಲೆ ಮೂರು ದಿನ, ಭೀಮಾ ನದಿಯ ದಂಡೆಯಲ್ಲಿ ನಮ್ಮ ಜೊತೆ ಗಾಳ ಹಾಕಿಕೊಂಡು ಕೂತರು.

ನಾವು ಮೂವರು ಗೆಳೆಯರಾಗಿದ್ದು ಒಂದು ಚುನಾವಣೆಯ ಕೆಲಸದಲ್ಲಿ. ನಾನು ಹೊರ್ತಿಯವನು, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಗೌಡರು ಬಸವನ ಬಾಗೇವಾಡಿಯಲ್ಲಿ ಕನ್ನಡ ಕಲಿಸುತ್ತಿದ್ದರು. ಇಬ್ಬರನ್ನೂ ಇಂಡಿ ತಾಲೂಕಿನ ಕಟ್ಟಕಡೆಯ, ನದಿಗೆ ಹೊಂದಿಕೊಂಡ ಒಂದು ಊರಿನ ಮತಗಟ್ಟೆಗೆ ಹಾಕಿದ್ದರು. ಕರೆದೊಯ್ದ ಬಸ್ಸನ್ನು ಓಡಿಸುತ್ತಿದ್ದವನು ಸಿಂದಗಿಯ ಅಂಬಣ್ಣ. ಮತದಾನದ ಹಿಂದಿನ ದಿನ ಸುರಿದ ಮಳೆಗೆ ಬಸ್ಸಿನ ಗಾಲಿಗಳು ಎರೆಮಣ್ಣಿನಲ್ಲಿ ಹೂತು ಹೋದವು. ಟ್ರಾಕ್ಟರ್ ಬರುವ ತನಕ ಅರ್ಧ ದಿನ ಕಾಯಬೇಕಿತ್ತು. “ಬರ್ರಿ ಸರ, ನಮ್ಮ ಅಕ್ಕನ ಹೊಲ ಇಲ್ಲೇ ಐತಿ,” ಎಂದು ಅಂಬಣ್ಣ ನಮ್ಮನ್ನು ನದಿಗೆ ಕರೆದುಕೊಂಡು ಹೋದ. ಅವನ ಅಕ್ಕ ಭೀಮವ್ವ ಆ ದಂಡೆಯ ಮೇಲೆಯೇ ಹುಟ್ಟಿದವಳಂತೆ ಇದ್ದಳು. ಗಂಡ ತೀರಿಹೋಗಿದ್ದ; ನಾಲ್ಕು ಎಕರೆ ಕಬ್ಬು, ಒಂದು ಜೋಪಡಿ, ಬಲೆಗಳು. ಅಂದು ಅವಳು ಕೊಟ್ಟ ಬಿದಿರಿನ ಕೋಲನ್ನು ಗೌಡರು ಹಿಡಿದವರು ಬಿಡಲೇ ಇಲ್ಲ. ಬೆಂಡು ನೀರಿನಲ್ಲಿ ಮುಳುಗಿದಾಗ ಅವರು ಹಾಕಿದ ಕೂಗಿಗೆ ಕಬ್ಬಿನಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಹಿಡಿದ ಮೀನನ್ನು ಎರಡೂ ಕೈಯಲ್ಲಿ ಕೂಸಿನಂತೆ ಎತ್ತಿಕೊಂಡು, ಮತ್ತೆ ನೀರಿಗೆ ಬಿಟ್ಟರು. ಭೀಮವ್ವ ತಲೆ ಚಚ್ಚಿಕೊಂಡಳು.

ಅಲ್ಲಿಂದ ಅದು ವಾಡಿಕೆಯಾಯಿತು. ಇಂಡಿ ಬಸ್ ನಿಲ್ದಾಣದಲ್ಲಿ ಮೂವರೂ ಸೇರುವುದು, ಲಿಂಬೆಹಣ್ಣು, ಬದನೆಕಾಯಿ, ಚಹಾಪುಡಿ ಕೊಂಡು ಟಂಟಂ ರಿಕ್ಷಾ ಹತ್ತುವುದು. ಕಬ್ಬಿನ ಒಣಗರಿಯ ರವದಿ ಹೊದಿಸಿದ ಜೋಪಡಿಯಲ್ಲಿ ರಾತ್ರಿ ವಸ್ತಿ. ಬೆಳಿಗ್ಗೆ ನದಿಯ ಮೇಲೆ ಹಾಲಿನ ಕೆನೆಯಂತೆ ಮಂಜು ಕೂತಿರುತ್ತಿತ್ತು. ಆಚೆ ದಂಡೆ ಮಹಾರಾಷ್ಟ್ರ. ಅಲ್ಲಿ ಯಾರೋ ಎಮ್ಮೆಗೆ ಬೈಯುವುದು ಮರಾಠಿಯಲ್ಲಿ ಕೇಳಿಸುತ್ತಿತ್ತು. ಮಧ್ಯಾಹ್ನ ಭೀಮವ್ವ ಅಗಲ ತಟ್ಟೆಯಂಥ ದೊಡ್ಡದೊಂದು ಹಿತ್ತಾಳೆ ಪರಾತವನ್ನು ನಡುವೆ ಇಟ್ಟು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕುತ್ತಿದ್ದಳು. ನನಗೂ ಅಂಬಣ್ಣನಿಗೂ ಹುರಿದ ಮೀನು ಬೇರೆ ತಟ್ಟೆಯಲ್ಲಿ. ಆದರೆ ರೊಟ್ಟಿಯನ್ನು ಮೂವರೂ ಆ ಒಂದೇ ಪರಾತದಲ್ಲಿ ಮುರಿಯುತ್ತಿದ್ದೆವು.

ಇದರಲ್ಲಿ ಹೇಳುವಂಥದ್ದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮದು ಬೌದ್ಧ ಮನೆತನ. ಅಪ್ಪ ಸೋಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಧಮ್ಮ ಸ್ವೀಕರಿಸಿದವನು. ಅದಕ್ಕೂ ಮೊದಲು ನಮ್ಮವರನ್ನು ಊರು ಏನೆಂದು ಕರೆಯುತ್ತಿತ್ತು, ಎಲ್ಲಿ ಕೂರಿಸುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೌಡರದು ಹಿಪ್ಪರಗಿಯ ದೊಡ್ಡ ಹೊಲಮನೆಯವರ ಮನೆತನ. ಅಂಥವರು ನನ್ನ ಕೈ ಮುರಿದ ರೊಟ್ಟಿಯ ಉಳಿದರ್ಧವನ್ನು ಎತ್ತಿಕೊಂಡು ತಿನ್ನುತ್ತಿದ್ದರು. ಯೋಚಿಸಿ ಮಾಡಿದ್ದಲ್ಲ, ಮಾತಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು. ಅದಕ್ಕೇ ಅದು ನನಗೆ ಹೆಚ್ಚಾಗಿ ಕಂಡಿತ್ತು.

ನಾನು ಹೇಳಬೇಕೆಂದಿರುವುದು ಹನ್ನೊಂದನೆಯ ವರ್ಷದ ಮಾತು.

ಆ ವರ್ಷದ ಬೇಸಿಗೆಯಲ್ಲಿ ಗೌಡರು ಹಿರಿಯ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ಮದುವೆ ಹಿಪ್ಪರಗಿಯ ಮನೆಯ ಮುಂದೆಯೇ. ನಾನು, ನನ್ನ ಹೆಂಡತಿ ಸುಜಾತಾ ಹೋದೆವು. ಅಲ್ಲಿಯವರೆಗೆ ಅವರ ಮನೆಗೆ ನಾನು ಹೋಗಿರಲಿಲ್ಲ, ಅವರು ನಮ್ಮ ಮನೆಗೆ ಬಂದಿರಲಿಲ್ಲ. ಅಷ್ಟು ವರ್ಷ ಅದು ನಮಗೆ ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದೆವೋ, ಈಗ ಹೇಳುವುದು ಕಷ್ಟ. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಕೂತಿತು. ನಾವಿಬ್ಬರೂ ಎಲೆಯ ಮುಂದೆ ಕೂರಬೇಕು, ಅಷ್ಟರಲ್ಲಿ ಗೌಡರ ಅಣ್ಣ ರುದ್ರಗೌಡರು ಬಂದರು. ಬಿಳಿ ಮೀಸೆ, ಜೋರು ದನಿ. ಅಂದು ಮಾತ್ರ ಮೆತ್ತಗೆ ಮಾತಾಡಿದರು.

“ಮಾಸ್ತರ್ರ, ನಿಮಗ ಆ ಕಡೆ ವ್ಯವಸ್ಥಾ ಮಾಡೇವ್ರಿ.”

ಅವರ ಕೈ ತೋರಿಸಿದ್ದು ಟ್ರಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡಿನ ಕಡೆ. ಅಲ್ಲಿ ಕಾಗದದ ತಟ್ಟೆಗಳನ್ನು ಪೇರಿಸಿದ್ದರು. ನಾನು ತಲೆ ಎತ್ತಿ ನೋಡಿದೆ. ಐದಾರು ಹೆಜ್ಜೆ ಆಚೆ ಚನ್ನನಗೌಡರು ಬುಂದಿಯ ಬಕೀಟು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಕಣ್ಣು ಅವರ ಕಣ್ಣು ಕೂಡಿದವು. ಅವರು ಬಕೀಟು ಎತ್ತಿಕೊಂಡು ಬೇರೆ ಪಂಕ್ತಿಯ ಕಡೆ ನಡೆದರು.

“ನನಗ ಹಸಿವಿಲ್ಲ. ನಡೀರಿ,” ಎಂದಳು ಸುಜಾತಾ. ಬಾಗೇವಾಡಿಯ ತನಕ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೈಯಲ್ಲಿ ಮದುಮಗಳಿಗೆಂದು ತಂದ ಸೀರೆಯ ಪೊಟ್ಟಣ ಹಾಗೇ ಇತ್ತು.

ಮಳೆಗಾಲ ಕಳೆಯಿತು. ಗೌಡರ ಫೋನು ಎರಡು ಸಲ ಬಂತು, ನಾನು ಎತ್ತಲಿಲ್ಲ. ಆ ವರ್ಷ ಮಳೆ ಚೆನ್ನಾಗಿತ್ತು. ತೊಗರಿ ಹಳದಿ ಹೂವಾಗಿ, ಬಿಳಿಜೋಳ ಮೊಣಕಾಲಿಗೆ ಬಂದಿತ್ತು. ದೀಪಾವಳಿಯ ಮರುದಿನ ಅಂಬಣ್ಣ ನಮ್ಮ ಮನೆಗೇ ಬಂದ. ಅವನಿಗೆ ಎಲ್ಲ ಗೊತ್ತಾಗಿತ್ತು.

“ಗೌಡ್ರು ಬರಾಕತ್ತಾರ್ರಿ ಸರ. ನೀವೂ ಬರಬೇಕು.”

“ನಾ ಬರೂದಿಲ್ಲ ಅಂಬಣ್ಣ. ಅವರ ಮಾರಿ ನೋಡೂದು ನನ್ನ ಕೈಲಿ ಆಗೂದಿಲ್ಲ.”

ಅವನು ಸುಜಾತಾಳ ಕಡೆ ತಿರುಗಿದ. “ಅಕ್ಕಾರ, ನೀವರ ಹೇಳ್ರಿ.”

ಸುಜಾತಾ ಚಹಾದ ಲೋಟ ಇಟ್ಟು, ನನ್ನನ್ನು ನೋಡಿ ಹೇಳಿದಳು. “ಹೋಗ್ರಿ. ಹೋಗಿ ಎದುರಿಗೆ ಕುಂತು ಕೇಳ್ರಿ, ಯಾಕ ಹಂಗ ಮಾಡಿದ್ರಿ ಅಂತ. ಆರು ತಿಂಗಳಾತು, ಆ ಸಿಟ್ಟೆಲ್ಲಾ ಮನ್ಯಾಗ ನನ್ನ ಮ್ಯಾಲ ತೀರಸಾಕತ್ತೀರಿ.”

ಹೋದೆ.

ಮೊದಲ ದಿನ ನದಿ ಕಂದು ಬಣ್ಣಕ್ಕಿತ್ತು. ಮೇಲೆ ಎಲ್ಲೋ ಹಿಂಗಾರಿ ಮಳೆಯಾಗಿ ನೀರು ಒಂದು ಮೊಳ ಏರಿತ್ತು. ಗೌಡರು ಜಾಲಿಮರದ ಕೆಳಗೆ, ನಾನು ಐವತ್ತು ಹೆಜ್ಜೆ ಕೆಳಗೆ, ನಡುವೆ ಅಂಬಣ್ಣ. ಅವನು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿಕೊಂಡು ಒಬ್ಬನೇ ಮಾತಾಡುತ್ತಿದ್ದ. ಮಧ್ಯಾಹ್ನ ಭೀಮವ್ವ ಪರಾತ ಇಟ್ಟು ಕರೆದಳು. ನಾನು ಹೋಗಿ ಎರಡು ರೊಟ್ಟಿ, ಅದರ ಮೇಲೆ ಪಲ್ಯ ಹಾಕಿಸಿಕೊಂಡು, ನನ್ನ ಜಾಗಕ್ಕೆ ವಾಪಸು ಬಂದು ಕೂತು ತಿಂದೆ. ಬೇಕಂತಲೇ ಹಾಗೆ ಮಾಡಿದೆ. ಒಂದು ಚೂರೂ ಉಳಿಸಲಿಲ್ಲ. ಗೌಡರು ಪರಾತದ ಮುಂದೆ ತಲೆ ತಗ್ಗಿಸಿ ಕೂತಿದ್ದರು. ರೊಟ್ಟಿ ಮುರಿದಿದ್ದನ್ನು ನಾನು ಕಾಣಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮಂಜು ಸರಿಯುವ ಹೊತ್ತಿಗೆ ಅವರ ಗಾಳಕ್ಕೆ ಏನೋ ಬಿತ್ತು. ಸಣ್ಣದಲ್ಲ. ಅವರ ಹತ್ತಿರ ಸೋಲಾಪುರದಿಂದ ತಂದ ರೀಲಿನ ಕೋಲಿತ್ತು, ಅದು ಬಿಲ್ಲಿನಂತೆ ಬಾಗಿ ದಾರ ಸರಸರ ಓಡತೊಡಗಿತು. “ಅಂಬಣ್ಣಾ! ಕಟ್ಲಾ! ದೊಡ್ಡದೈತೋ!” ಎಂದು ಅವರು ಕೂಗಿದರು. ಅಂಬಣ್ಣ ಜೋಪಡಿಯಲ್ಲಿದ್ದ. ಮೀನು ಎಳೆದ ಕಡೆ ಗೌಡರು ಎರಡು ಹೆಜ್ಜೆ ಇಳಿದರು, ಮತ್ತೆರಡು ಹೆಜ್ಜೆ. ದಂಡೆಯ ಎರೆಮಣ್ಣು ನೆನೆದು ಬೆಣ್ಣೆಯಾಗಿತ್ತು. ಕಾಲು ಜಾರಿತು. ನೋಡನೋಡುತ್ತ ಗೌಡರು ಎದೆಮಟ್ಟ ನೀರಿನಲ್ಲಿದ್ದರು, ಕೋಲು ಮಾತ್ರ ಬಿಡಲಿಲ್ಲ. ಅವರಿಗೆ ಈಜು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಓಡಿದ್ದು ನೆನಪಿಲ್ಲ. ಒಂದು ಕೈಯಲ್ಲಿ ಜಾಲಿಯ ಬೇರು ಹಿಡಿದು ಇನ್ನೊಂದರಲ್ಲಿ ಅವರ ಅಂಗಿಯ ಕೊರಳಪಟ್ಟಿ ಹಿಡಿದಿದ್ದು ನೆನಪಿದೆ.

“ಕೋಲು ಬಿಡ್ರಿ ಗೌಡ್ರ!”

“ಬಿಡೂದಿಲ್ರಿ!”

“ಬಿಡ್ರಿ ಅಂದ್ರ! ಹಿಡಿದರೂ ನೀರಿಗೇ ಬಿಡಾವ್ರು ನೀವು!”

ದಾರ ತುಂಡಾಯಿತು. ನಾನು ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ದಂಡೆಯ ಕೆಸರಿನಲ್ಲಿ ಬಿದ್ದೆವು. ಗೌಡರ ಕನ್ನಡಕ ಇರಲಿಲ್ಲ, ಮೂಗಿನ ತನಕ ಕರಿಮಣ್ಣು. ಅವರು ನನ್ನನ್ನು ನೋಡಿದರು. ನಾನೂ ಹಾಗೇ ಇದ್ದೆನೆಂದು ಕಾಣುತ್ತದೆ. ಮೊದಲು ನಕ್ಕವರು ಅವರೋ ನಾನೋ ತಿಳಿಯದು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ನಿಂತ ಮೇಲೆ ನಾನು ಎದ್ದು ಕೂತೆ.

“ಅವತ್ತು ಬಕೀಟು ತಗೊಂಡು ಆ ಕಡೆ ಯಾಕ ಹೋದ್ರಿ?” ಎಂದು ಕೇಳಿದೆ.

ಅವರು ಅಂಗೈಯ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದರು.

“ಅಂಜಿಕಿ ಬಂತ್ರಿ.”

“ಯಾರಿಗೆ ಅಂಜಿದ್ರಿ?”

“ಅಣ್ಣಗ. ಐವತ್ತೈದು ಆದವು ನನಗ. ಸಾಲ್ಯಾಗ ಹುಡುಗರ ಮುಂದ ಸಮಾನತಾ ಅಂತ ತಾಸುಗಟ್ಟಲೆ ಹೇಳ್ತೇನಿ. ಮನ್ಯಾಗ ಅಣ್ಣ ಕೆಮ್ಮಿದ್ರ ಸಾಕು, ಎದ್ದು ನಿಂದರ್ತೇನಿ. ಇಲ್ಲಿ ನಿಮ್ಮ ಮುಂದ ಬಡಬಡ ಮಾತಾಡೂ ಚನ್ನನಗೌಡ ಅಲ್ಲಿ ಇಲ್ರಿ ಸರ.”

ನನಗೆ ಕರುಣೆ ಬರಲಿಲ್ಲ. ಸಿಟ್ಟೇ ಬಂತು.

“ನಿಮ್ಮ ಅಂಜಿಕಿ ನಿಮ್ಮ ಹತ್ರನ ಇರ್ಲಿ. ನಮ್ಮಕಿ ಅವತ್ತು ಉಪವಾಸ ಮನಿಗೆ ಬಂದ್ಲು. ವರ್ಷದಾಗ ಮೂರು ದಿನ ನದಿ ದಂಡ್ಯಾಗ ಗೆಳೆಯಾ, ಉಳಿದ ದಿನ ಶೆಡ್ಡಿನ ಕಡೆ. ಹಂಗ ಇದ್ರ ಈ ಮೂರು ದಿನಾನೂ ಬ್ಯಾಡ್ರಿ.”

ಅವರು ಕೆಸರಿನಲ್ಲಿ ಕೂತೇ ಅತ್ತರು. ಗಂಡಸರು ಅಳುವುದನ್ನು ನಾನು ನೋಡಿದ್ದೇನೆ, ಹಾಗೆ ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ ಅಳುವುದನ್ನು ನೋಡಿರಲಿಲ್ಲ. ಆಮೇಲೆ ಹೇಳಿದರು. “ಮಾಘದಾಗ ಸಣ್ಣ ಮಗಳ ಮದುವಿ ಐತಿ. ಬರ್ರಿ. ನನ್ನ ಬಾಜೂಕ ಕುಂಡ್ರಸಿಕೊಂಡು ಉಣತೇನಿ. ಅಣ್ಣ ಏನರ ಅನ್ಲಿ.”

“ನೋಡೂಣು,” ಎಂದೆ.

ಹಿಂದೆ ಭೀಮವ್ವ ಬಂದು ನಿಂತಿದ್ದಳು. ಯಾವಾಗ ಬಂದಳೋ. “ಗೌಡ್ರ, ನೋಡೂಣು ಅಂದ್ರ ಬರೂದಿಲ್ಲ ಅಂತ ತಿಳೀರಿ,” ಎಂದು ಹೇಳಿ, ತೊಳೆಯಲು ಕೊಡಿರೆಂದು ನಮ್ಮಿಬ್ಬರ ಅಂಗಿ ಬಿಚ್ಚಿಸಿಕೊಂಡು ಹೋದಳು.

ಮೂರನೆಯ ದಿನದ ಊಟಕ್ಕೂ ನಾನು ರೊಟ್ಟಿ ಹಿಡಿದು ನನ್ನ ಜಾಗಕ್ಕೇ ಬಂದೆ. ಈ ಸಲ ಗೌಡರೂ ರೊಟ್ಟಿ ಹಿಡಿದು ಹಿಂದೆಯೇ ಬಂದರು. ಪಕ್ಕದಲ್ಲಿ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅಂಬಣ್ಣ ಪರಾತವನ್ನೇ ಹೊತ್ತುಕೊಂಡು ಬಂದ. “ಇಷ್ಟು ದೊಡ್ಡ ಪರಾತ ನನ್ನ ಒಬ್ಬಾವನ ಮುಂದ ಬಿಟ್ಟು ಬಂದ್ರಿ? ನಾ ಏನು ಎತ್ತು ಅದೇನಿ?” ಎಂದು ನಡುವೆ ಇಟ್ಟ. ನಾನು ಕೈ ಹಾಕಿದೆ.

ಪುಷ್ಯದಲ್ಲಿ ಗೌಡರು, ಅವರ ಹೆಂಡತಿ ಶಾಂತವ್ವ ಇಬ್ಬರೂ ಲಗ್ನಪತ್ರಿಕೆ ಹಿಡಿದು ಹೊರ್ತಿಗೆ ಬಂದರು. ನಮ್ಮ ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಗೌಡರು ಅಡುಗೆಮನೆಯ ಹೊಸ್ತಿಲ ತನಕ ಹೋಗಿ ಸುಜಾತಾಳಿಗೆ ಕೈ ಮುಗಿದರು. “ತಂಗಿ, ನನ್ನಿಂದ ತಪ್ಪಾಗೈತಿ. ಈ ಸಲ ಬರಬೇಕು.” ಸುಜಾತಾ ಅವರಿಬ್ಬರನ್ನೂ ಕೂರಿಸಿ ಊಟ ಬಡಿಸಿದಳು. “ಬರ್ತೇವ್ರಿ ಅಣ್ಣಾರ,” ಎಂದಳು.

ಮದುವೆಯ ದಿನ ಅವಳು ಬೆಳಿಗ್ಗೆಯೇ ಸೀರೆ ಉಟ್ಟು ತಯಾರಾಗಿದ್ದಳು. ನಾನು ಅಂಗಿಯ ಗುಂಡಿ ಹಾಕುತ್ತ ನಿಂತವನು, ಹಾಗೇ ನಿಂತೆ. ಆ ತಗಡಿನ ಶೆಡ್ಡು ಕಣ್ಣ ಮುಂದೆ ಬಂತು. ಮತ್ತೆ ಅದೇ ಕೈ ಅದೇ ಕಡೆ ತೋರಿಸಿದರೆ? ಗೌಡರ ಬಾಯಿ ಮತ್ತೆ ಕಟ್ಟಿದರೆ? ಇನ್ನೊಮ್ಮೆ ಹಾಗೆ ಬಸ್ಸಿನಲ್ಲಿ ವಾಪಸು ಬರುವ ಶಕ್ತಿ ನನಗಿರಲಿಲ್ಲ. “ಹತ್ತನೇದವರಿಗೆ ವಿಶೇಷ ತರಗತಿ ಐತಿ, ಮರ್ತೇ ಬಿಟ್ಟಿದ್ದೆ,” ಎಂದೆ. ಸುಜಾತಾ ನನ್ನ ಮುಖ ನೋಡಿದಳು.

“ತರಗತಿ ಇಲ್ಲ. ನೀವು ಅಂಜಿದ್ರಿ,” ಎಂದಷ್ಟೇ ಹೇಳಿ ಒಳಗೆ ಹೋಗಿ ಸೀರೆ ಬದಲಿಸಿದಳು.

ಮೂರು ದಿನದ ಮೇಲೆ ಅಂಬಣ್ಣ ಬಂದ. ನಿಂತೇ ಹೇಳಿದ, ಕೂರಲಿಲ್ಲ. ಮೊದಲ ಪಂಕ್ತಿಯಲ್ಲೇ ಗೌಡರು ತಮ್ಮ ಪಕ್ಕ ಎರಡು ಎಲೆ ಹಾಕಿಸಿದರಂತೆ. ಯಾರಿಗೆ ಎಂದು ಅಣ್ಣ ಕೇಳಿದಾಗ ನಮ್ಮಿಬ್ಬರ ಹೆಸರು ಹಿಡಿದು ಹೇಳಿದರಂತೆ, ಇಡೀ ಪಂಕ್ತಿಗೆ ಕೇಳುವ ಹಾಗೆ. ರುದ್ರಗೌಡರು ಊಟ ಬಿಟ್ಟು ಎದ್ದು ಹೋದರು. ಅವರ ಹಿಂದೆ ಇಪ್ಪತ್ತು ಮೂವತ್ತು ಜನ ಎದ್ದರು. ಗೌಡರು ಅಲುಗಲಿಲ್ಲ. “ಬಸ್ಸು ತಡಾ ಆಗಿರಬೇಕು, ಬರ್ತಾರ,” ಎನ್ನುತ್ತ ಒಂದು ಪಂಕ್ತಿ, ಎರಡು ಪಂಕ್ತಿ, ಮೂರು ಪಂಕ್ತಿ ಆಗುವ ತನಕ ಆ ಎರಡು ಎಲೆಗಳ ಪಕ್ಕ ತಮ್ಮ ಎಲೆ ಮುಟ್ಟದೆ ಕೂತಿದ್ದರಂತೆ.

“ಅವರು ಬಾಯಿ ತಗದ ದಿನ ನೀವು ಇರಲಿಲ್ರಿ ಸರ,” ಎಂದ ಅಂಬಣ್ಣ.

ಮರುದಿನವೇ ಸುಜಾತಾಳನ್ನು ಕರೆದುಕೊಂಡು ಹಿಪ್ಪರಗಿಗೆ ಹೋದೆ. ಹೇಳದೆ ಕೇಳದೆ ಹೋದೆವು. ಅಂಗಳದ ನಡುವೆ ಗೋಡೆಗೆಂದು ಆಗಲೇ ಇಟ್ಟಿಗೆ ಬಂದು ಬಿದ್ದಿತ್ತು. ಅಣ್ಣ ತಮ್ಮ ಬೇರೆಯಾಗುತ್ತಿದ್ದರು. ಗೌಡರು ಬಾಗಿಲು ತೆಗೆದು, “ಒಳಗ ಬರ್ರಿ,” ಎಂದರು. ಸೋಪಾದ ಮೇಲೆ ಕೂರಿಸಲಿಲ್ಲ, ನೇರ ಅಡುಗೆಮನೆಗೆ ಕರೆದುಕೊಂಡು ಹೋದರು. ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಸುಜಾತಾ ಅವಳ ಪಕ್ಕ ಕೂತು ಹಿಟ್ಟಿಗೆ ಕೈ ಹಾಕಿದಳು.

ಉಣ್ಣುವಾಗ ಗೌಡರು ತಲೆ ಎತ್ತದೆ ಕೇಳಿದರು. “ಖರೇ ಹೇಳ್ರಿ. ಅಂಜಿದ್ರೇನು?”

“ಹೌದ್ರಿ.”

“ಹಂಗಾರ ಈಗ ಇಬ್ಬರೂ ಸರಿಸಮ ಆದ್ವಿ,” ಎಂದು ನಕ್ಕರು.

ದೀಪಾವಳಿಗೆ ಹೊಸ ರೀಲು ತರುವುದು, ಆ ಕಟ್ಲಾವನ್ನು ಬಿಡುವುದಿಲ್ಲ ಎಂದೆಲ್ಲ ಮಾತಾಯಿತು. ಶ್ರಾವಣದಲ್ಲಿ, ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತ ಗೌಡರು ಮೇಲೇಳಲಿಲ್ಲ. ಎದೆನೋವು ಎಂದು ಹೇಳಲೂ ಪುರಸೊತ್ತಾಗಲಿಲ್ಲವಂತೆ.

ಮಣ್ಣು ಮಾಡಿ ಬಂದ ಮೇಲೆ ನಾನು ಅಂಗಳದ ಬೇವಿನ ಬುಡದಲ್ಲಿ ಕೂತಿದ್ದೆ. ಹೊಸ ಗೋಡೆಯ ಆಚೆಯಿಂದ ರುದ್ರಗೌಡರು ಬಂದರು. ಮೀಸೆ ಕೆಳಗಿಳಿದಿತ್ತು. ನನ್ನೆದುರು ನಿಂತರು, ಏನೋ ಅನ್ನುತ್ತಾರೆಂದು ನಾನು ಎದ್ದೆ. “ಕುಂಡ್ರ್ರಿ ಮಾಸ್ತರ್ರ,” ಎಂದು ತಾವೂ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತರು. ಆಮೇಲೆ ಕೇಳಿದರು.

“ನದಿಗೆ ಹೋದಾಗ ನಮ್ಮ ಚನ್ನಪ್ಪ ಹ್ಯಾಂಗ ಇರ್ತಿದ್ನ್ರಿ?”

“ಬಾಳ ಮಾತಾಡ್ತಿದ್ರು. ಬಾಳ ನಗ್ತಿದ್ರು,” ಎಂದೆ.

“ಚನ್ನಪ್ಪಾ?” ಅವರು ನನ್ನ ಮುಖವನ್ನೇ ನೋಡಿದರು. “ಏನು ಮಾತಾಡ್ತಿದ್ದ? ನನ್ನ ಮುಂದ ಹೂಂ, ಹಾಂ ಬಿಟ್ರ ಏನೂ ಅಂತಿದ್ದಿಲ್ಲ.”

ಹೇಳಿದೆ. ಬೆಳ್ಳಕ್ಕಿ ಹಾರಿಸಿದ ಆ ಮೊದಲ ಕೂಗು, ಮೀನು ಹಿಡಿದು ಅದಕ್ಕೆ ಬುದ್ಧಿ ಹೇಳಿ ನೀರಿಗೆ ಬಿಡುತ್ತಿದ್ದದ್ದು, ಮಂಜಿನಲ್ಲಿ ಆಚೆ ದಂಡೆಯವರೊಂದಿಗೆ ತಪ್ಪುತಪ್ಪು ಮರಾಠಿಯಲ್ಲಿ ಜಗಳ ಆಡುತ್ತಿದ್ದದ್ದು, ಕೆಸರಿನಲ್ಲಿ ಇಬ್ಬರೂ ಬಿದ್ದದ್ದು. ಅಣ್ಣನಿಗೆ ಅಂಜುತ್ತೇನೆ ಎಂದ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ರುದ್ರಗೌಡರು ಕಥೆ ಕೇಳುವ ಮಕ್ಕಳ ಹಾಗೆ “ಮುಂದ?” ಎನ್ನುತ್ತಿದ್ದರು. ಬಿಸಿಲು ಬೇವಿನಿಂದ ಗೋಡೆಗೆ, ಗೋಡೆಯಿಂದ ಮಾಳಿಗೆಗೆ ಏರಿತು. ನನಗೆ ಗೊತ್ತಿದ್ದ ಹನ್ನೊಂದು ವರ್ಷ ಮುಗಿದೇ ಹೋದವು. ಅವರು ಇನ್ನೂ ಕಾಯುತ್ತ ಕೂತಿದ್ದರು, ನನ್ನ ಹತ್ತಿರ ಹೇಳುವುದಕ್ಕೆ ಮತ್ತೊಂದು ದಿನ ಇರಲಿಲ್ಲ.